ಪುಟವಿನ್ಯಾಸ ತಂತ್ರಾಂಶಕ್ಕೆ ಕನ್ನಡ ಪಠ್ಯದ ಆಮದು

ಪುಟವಿನ್ಯಾಸ ತಂತ್ರಾಂಶಕ್ಕೆ ಕನ್ನಡ ಪಠ್ಯದ ಆಮದು ಎಂದರೆ ಬೇರೆಡೆ ಬೆರಳಚ್ಚು ಮಾಡಿದ ಕನ್ನಡ ಬರಹವನ್ನು ಇನ್‌ಡಿಸೈನ್, ಸ್ಕ್ರೈಬಸ್ ಮುಂತಾದ ತಂತ್ರಾಂಶಗಳಿಗೆ ತಂದು ಮುದ್ರಣಕ್ಕೆ ಅಣಿಗೊಳಿಸುವ ಕಾರ್ಯ. ಈ ಹಂತದಲ್ಲಿ ತಲೆದೋರುವ ಬಹುತೇಕ ದೋಷಗಳ ಮೂಲ ಅಕ್ಷರಸಂಕೇತಗಳ ವ್ಯತ್ಯಾಸದಲ್ಲಿದೆ. ಆದುದರಿಂದ ಫಾಂಟನ್ನು ಬದಲಿಸಿದ ಮಾತ್ರಕ್ಕೆ ಅವು ನಿವಾರಣೆಯಾಗುವುದಿಲ್ಲ.

ಹಿನ್ನೆಲೆ

ನುಡಿ, ಬರಹ, ಶ್ರೀಲಿಪಿ ತಂತ್ರಾಂಶಗಳ ಹಳೆಯ ಫಾಂಟ್‌ಗಳು ಕನ್ನಡ ಅಕ್ಷರಗಳ ತುಣುಕುಗಳನ್ನು ಲ್ಯಾಟಿನ್ ಅಕ್ಷರಗಳ ಸ್ಥಾನದಲ್ಲಿ ಇರಿಸಿದ್ದವು. ಇವನ್ನು ರೂಢಿಯಲ್ಲಿ 'ಆಸ್ಕಿ ಫಾಂಟ್' ಎನ್ನುತ್ತಾರೆ. ಇವುಗಳ ಅನೇಕ ಸಂಕೇತಗಳು ಆಸ್ಕಿಯ 128 ಸ್ಥಾನಗಳ ಆಚೆಗಿರುವುದರಿಂದ ಆ ಹೆಸರು ಪೂರ್ತಿ ಸರಿಯಲ್ಲ. 2001ರ ಪೇಜ್‌ಮೇಕರ್ 7.0 ಆವೃತ್ತಿಯಲ್ಲೂ ಯೂನಿಕೋಡ್ ಬೆಂಬಲ ಇರಲಿಲ್ಲವಾದ್ದರಿಂದ ಮುದ್ರಣಾಲಯಗಳ ಕಡತಗಳು ಇದೇ ರೂಪದಲ್ಲಿ ಉಳಿದುಕೊಂಡವು.

ಎರಡು ಊರುಗಳ ಹೆಸರು

ಬೀದರ್ ಜಿಲ್ಲೆಯ ಬಸವಕಲ್ಯಾಣ ಮತ್ತು ಹುಮನಾಬಾದ್ ಎಂಬ ಹೆಸರುಗಳಲ್ಲೇ ಈ ತೊಡಕುಗಳನ್ನು ಕಾಣಬಹುದು. ನುಡಿ ಸಂಕೇತದಲ್ಲಿ 'ಕಲ್ಯಾಣ' ಪದದ ಕೊನೆಯ 'ಣ' ಇಂಗ್ಲಿಷಿನ ಸಣ್ಣ 'ಟಿ' ಅಕ್ಷರದ ಸ್ಥಾನದಲ್ಲಿದೆ. ಫಾಂಟ್ ಬದಲಾದೊಡನೆ ಅಲ್ಲಿ 'ಟಿ'ಯೇ ಕಾಣಿಸುತ್ತದೆ. 'ಲ್ಯಾ' ಅಕ್ಷರದಲ್ಲಿ ಮೊದಲು 'ಲಾ', ಬಳಿಕ ಯ-ಒತ್ತು ದಾಖಲಾಗಿರುತ್ತದೆ. ಯೂನಿಕೋಡಿನಲ್ಲಿ ಒತ್ತು ಮೊದಲು, ದೀರ್ಘ ಕೊನೆಗೆ. ಈ ಅನುಕ್ರಮವನ್ನು ತಿರುಗಿಸದ ಪರಿವರ್ತಕ 'ಕಲಾ್ಯಣ' ಎಂದು ಕೊಡುತ್ತದೆ.

ಹುಮನಾಬಾದಿನದು ಇನ್ನೂ ಸೂಕ್ಷ್ಮ. ನುಡಿಯಲ್ಲಿ 'ಮ' ಅಕ್ಷರಕ್ಕೆ ಸ್ವತಂತ್ರ ಸಂಕೇತವಿಲ್ಲ; 'ವ'ಕಾರಕ್ಕೆ ಕೊಂಬು ಸೇರಿಸಿ ಅದನ್ನು ರೂಪಿಸಲಾಗುತ್ತದೆ. ಅದೇ ಕೊಂಬಿನ ಸಂಕೇತ 'ಹು' ಎಂಬಲ್ಲಿ ಸ್ವರಚಿಹ್ನೆಯಾಗಿಯೂ ಇದೆ. ಸಂಕೇತಗಳನ್ನು ಒಂದೊಂದಾಗಿ ಬದಲಿಸಿದರೆ ಊರಿನ ಹೆಸರು 'ಹುವುನಾಬಾದ್' ಆಗುತ್ತದೆ. ಈ ತಪ್ಪು ಚಿಹ್ನೆಗಳಂತೆ ಕಣ್ಣಿಗೆ ರಾಚುವುದಿಲ್ಲ. ಕರಡು ತಿದ್ದುವವರಿಂದಲೂ ತಪ್ಪಿಸಿಕೊಳ್ಳಬಲ್ಲದು.

ಪರಿಹಾರ

ಪಠ್ಯವನ್ನು ಆಮದಿಗೆ ಮುನ್ನವೇ ಯೂನಿಕೋಡಿಗೆ ಪರಿವರ್ತಿಸುವುದು ಉತ್ತಮ. ನುಡಿ ಫಾಂಟಿನ ಭಾಗಗಳನ್ನು ಮಾತ್ರ ಪರಿವರ್ತಿಸಬೇಕು. ನಡುವಿನ ಇಂಗ್ಲಿಷ್ ಪದಗಳನ್ನೂ ಸೇರಿಸಿಕೊಂಡರೆ ಅವು ಅರ್ಥವಿಲ್ಲದ ಕನ್ನಡವಾಗುತ್ತವೆ. ಶ್ರೀಲಿಪಿಯ ಸಂಕೇತವಿನ್ಯಾಸ ಬೇರೆಯಾದ್ದರಿಂದ ಅದಕ್ಕೆ ಪ್ರತ್ಯೇಕ ಪರಿವರ್ತಕ ಬೇಕು. ಬೆರಳಚ್ಚಿನಲ್ಲಿ ಅನುಸ್ವಾರದ ಬದಲು ಕನ್ನಡದ ಸೊನ್ನೆ ಬಿದ್ದಿದ್ದರೆ 'ಲಿಂಗ' ಎಂಬ ಪದ ನೋಟಕ್ಕೆ ಸರಿಯೆನಿಸಿದರೂ ಹುಡುಕಾಟಕ್ಕೆ ಸಿಗುವುದಿಲ್ಲ. ವಚನ ಸಂಪುಟಗಳ ಪದಸೂಚಿಗೆ ಇದು ದೊಡ್ಡ ಹಾನಿ.

ಯೂನಿಕೋಡ್ ಪಠ್ಯದಲ್ಲೂ ಒತ್ತುಗಳು ಬಿಡಿಯಾಗಿ ಕಂಡರೆ ದೋಷ ಪಂಕ್ತಿಜೋಡಣೆಯ ವ್ಯವಸ್ಥೆಯಲ್ಲಿರುತ್ತದೆ. ಇನ್‌ಡಿಸೈನ್ ಸಿಎಸ್6 (2012) ಆವೃತ್ತಿಯಿಂದ ಕನ್ನಡಕ್ಕೆ ಬೆಂಬಲವಿದೆ. ಪ್ಯಾರಾಗ್ರಾಫ್ ಶೈಲಿಯಲ್ಲೇ ವರ್ಲ್ಡ್-ರೆಡಿ ಕಂಪೋಸರ್ ಆಯ್ದಿಟ್ಟರೆ ಪ್ರತಿ ಪುಟದಲ್ಲೂ ತಿದ್ದುವ ಶ್ರಮ ತಪ್ಪುತ್ತದೆ. ಸ್ಕ್ರೈಬಸ್‌ನಲ್ಲಿ ಈ ಕೆಲಸವನ್ನು ಹಾರ್ಫ್‌ಬಜ್ ಮಾಡುತ್ತದೆ.

ಕಲ್ಯಾಣ ಚಾಲುಕ್ಯರ ಶಾಸನಪಾಠಗಳನ್ನು ಅಚ್ಚಿಸುವಾಗ ಱ, ೞ ಅಕ್ಷರಗಳು ಆಯ್ದ ಫಾಂಟಿನಲ್ಲಿ ಇವೆಯೇ ಎಂಬುದನ್ನು ಮೊದಲೇ ನೋಡಿಕೊಳ್ಳಬೇಕು. ಇಲ್ಲದಿದ್ದರೆ ಆ ಜಾಗದಲ್ಲಿ ಖಾಲಿ ಚೌಕ ಮೂಡಬಹುದು. ಯೂನಿಕೋಡಿನಲ್ಲಿ ೞ ಅಕ್ಷರಕ್ಕೆ 'ಫ' ಎಂಬ ತಪ್ಪು ಹೆಸರು ದಾಖಲಾಗಿದ್ದು, ಹೆಸರು ಬದಲಿಸುವಂತಿಲ್ಲವೆಂಬ ನಿಯಮದಿಂದ ಹಾಗೆಯೇ ಉಳಿದಿದೆ. ಅಕ್ಷರಪಟ್ಟಿಯಲ್ಲಿ ಅದನ್ನು ಆ ಹೆಸರಿನಿಂದಲೇ ಹುಡುಕಬೇಕಾಗುತ್ತದೆ.