ಪ್ಯಾಲೆಸ್ತೀನಿನ ಮಕ್ಕಳ ಪುಸ್ತಕಗಳು



ಮಕ್ಕಳ ಕೈಗೆ ಸಿಗುವ ಪುಸ್ತಕದ ಬೆಲೆ ಏನೆಂದು ಗಡಿಯಲ್ಲಿರುವ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಶಾಲೆ ತೆರೆದು ತಿಂಗಳಾದರೂ ಕನ್ನಡ ಪಾಠಪುಸ್ತಕ ಬರಲಿಲ್ಲವೆಂದು ಅಲೆದವರು ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದೇವೆ. ಆದರೆ ಇಂದು ಹೇಳಹೊರಟದ್ದು ದೂರದ ಪ್ಯಾಲೆಸ್ತೀನಿನ ಸಂಗತಿ. ಅವರ ಕಷ್ಟದ ಪಕ್ಕದಲ್ಲಿ ನಮ್ಮದನ್ನು ಇಡಲು ನನಗೆ ಸಂಕೋಚವಾಗುತ್ತದೆ.

ಜೆರುಸಲೇಮಿನಲ್ಲಿ ಖಲೀಲ್ ಸಕಾಕೀನಿ ಎಂಬ ಮೇಷ್ಟ್ರಿದ್ದರು. 1909ರಲ್ಲಿ ಅವರು ತೆರೆದ ಶಾಲೆಯಲ್ಲಿ ಮಕ್ಕಳಿಗೆ ಬೆತ್ತದ ಏಟು ಇರಲಿಲ್ಲ. ಮುಂದೆ ಅವರು 'ಅಲ್ ಜದೀದ್', ಅಂದರೆ 'ಹೊಸದು', ಎಂಬ ಅರಬ್ಬಿ ಬಾಲಬೋಧೆ ಬರೆದರು. ಅಕ್ಷರಮಾಲೆಯನ್ನು ಗಿಳಿಪಾಠ ಒಪ್ಪಿಸುವುದನ್ನು ಬಿಟ್ಟು ನೇರವಾಗಿ ಪದದಿಂದಲೇ ಕಲಿಸುವ ಕ್ರಮ ಅದು. 'ರಾಸ್' ಎಂದರೆ ತಲೆ, 'ದಾರ್' ಎಂದರೆ ಮನೆ. 1948ರ ಏಪ್ರಿಲ್ ಕೊನೆಯಲ್ಲಿ ಯುದ್ಧ ಬಾಗಿಲಿಗೆ ಬಂದಾಗ ಮೇಷ್ಟ್ರು ಕತಮೋನ್ ಬಡಾವಣೆಯ ಮನೆಯನ್ನೂ ಜೀವಮಾನವಿಡೀ ಕೂಡಿಸಿದ ಪುಸ್ತಕಗಳನ್ನೂ ಬಿಟ್ಟು ಹೊರಟರು. 1953ರಲ್ಲಿ ಕೈರೋದಲ್ಲಿ ತೀರಿಕೊಂಡರು. ಪಶ್ಚಿಮ ಜೆರುಸಲೇಮಿನ ಇಂಥ ಮನೆಗಳಿಂದ ಸುಮಾರು 30,000 ಪುಸ್ತಕಗಳು ಇಸ್ರೇಲಿನ ರಾಷ್ಟ್ರೀಯ ಗ್ರಂಥಾಲಯ ಸೇರಿದವು. ಅವುಗಳಲ್ಲಿ ಸುಮಾರು 6,000ಕ್ಕೆ 'ಬಿಟ್ಟುಹೋದ ಆಸ್ತಿ' ಎಂಬ ಗುರುತು ಬಿತ್ತು. ಬ್ಯಾಂಕಿನ ಲೆಡ್ಜರಿನಲ್ಲಿ ವಾರಸುದಾರರಿಲ್ಲದ ಖಾತೆಗಳನ್ನು ನಾನೂ ಬರೆದವನೇ. ಆದರೆ ಯಜಮಾನ ಬದುಕಿದ್ದಾನೆ, ವಿಳಾಸವೂ ಗೊತ್ತು ಎನ್ನುವಾಗ ಹಾಗೆ ಬರೆದದ್ದಿಲ್ಲ.

ಅದೇ 1948ರಲ್ಲಿ ಹನ್ನೆರಡರ ಹುಡುಗನಾಗಿ ನಿರಾಶ್ರಿತನಾದವನು ಘಸ್ಸಾನ್ ಕನಫಾನಿ. ದಮಾಸ್ಕಸಿನ ನಿರಾಶ್ರಿತರ ಶಾಲೆಯಲ್ಲಿ ಪಾಠ ಹೇಳಿ, ಆಮೇಲೆ ದೊಡ್ಡ ಕಥೆಗಾರನಾದ. ಹೋರಾಟದ ಸಂಘಟನೆಯಾದ ಪ್ಯಾಲೆಸ್ತೀನ್ ವಿಮೋಚನಾ ಜನರಂಗದ ವಕ್ತಾರನೂ ಆಗಿದ್ದನೆಂಬುದನ್ನು ಮುಚ್ಚಿಡುವುದು ಬೇಡ. 1963ರಲ್ಲಿ ತನ್ನ ಅಕ್ಕನ ಮಗಳು ಲಮೀಸಳ ಹುಟ್ಟುಹಬ್ಬಕ್ಕೆ 'ಪುಟ್ಟ ಲಾಂದ್ರ' ಎಂಬ ಕಥೆ ಬರೆದು, ಚಿತ್ರಗಳನ್ನೂ ತಾನೇ ಬಿಡಿಸಿ ಕೊಟ್ಟ. ಸೂರ್ಯನನ್ನು ಅರಮನೆಯೊಳಗೆ ತರಬೇಕಾದ ರಾಜಕುಮಾರಿಯ ಕಥೆ ಅದು. 1972ರ ಜುಲೈ 8ರಂದು ಬೈರೂತಿನಲ್ಲಿ ಕಾರಿಗೆ ಇಟ್ಟಿದ್ದ ಬಾಂಬು ಸಿಡಿದು ಮಾವನೂ ಹದಿನೇಳರ ಲಮೀಸಳೂ ಒಟ್ಟಿಗೇ ಸತ್ತರು.

ಎರಡು ವರ್ಷದ ಬಳಿಕ, 1974ರಲ್ಲಿ, ಅದೇ ಊರಿನಲ್ಲಿ 'ದಾರ್ ಅಲ್ ಫತಾ ಅಲ್ ಅರಬಿ' ಎಂಬ ಮಕ್ಕಳ ಪ್ರಕಾಶನ ಹುಟ್ಟಿತು. ಅದರ ಮೊದಮೊದಲ ಪುಸ್ತಕಗಳಲ್ಲೊಂದು 'ಮನೆ'. ಬರೆದವರು ಸಿರಿಯಾದ ಝಕರಿಯಾ ತಾಮೆರ್, ಚಿತ್ರ ಈಜಿಪ್ಟಿನ ಮೊಹಿಯುದ್ದೀನ್ ಲಬ್ಬಾದರದು. ಒಂದೊಂದು ಪ್ರಾಣಿಗೂ ಒಂದೊಂದು ಮನೆಯುಂಟು, ಪ್ಯಾಲೆಸ್ತೀನಿಗನದು ಎಲ್ಲಿ? ಇಷ್ಟೇ ಕಥೆ. ಡೇರೆಯಲ್ಲಿ ಹುಟ್ಟಿದ ಮಗುವಿಗೆ ಇದನ್ನು ಓದಿ ಹೇಳುವ ತಾಯಿಯನ್ನು ನೀವೇ ಊಹಿಸಿಕೊಳ್ಳಿ.

1987ರ ಡಿಸೆಂಬರಿನಲ್ಲಿ ಜನ ದಂಗೆ ಎದ್ದರು. ಮರುವರ್ಷ ಪಶ್ಚಿಮ ದಂಡೆಯ ಶಾಲೆಗಳಿಗೆ ಸೈನ್ಯದ ಆಜ್ಞೆಯಿಂದ ತಿಂಗಳುಗಟ್ಟಲೆ ಬೀಗ ಬಿತ್ತು. ನೆರೆಹೊರೆಯವರು ಮನೆಗಳಲ್ಲೇ ಪಾಠ ಶುರುಮಾಡಿದರು. ಆ ಕಾಲದ ಕೂಸು 1989ರಲ್ಲಿ ಆರಂಭವಾದ ತಾಮೆರ್ ಸಂಸ್ಥೆ. ಮಕ್ಕಳ ಪುಸ್ತಕ ಅಚ್ಚುಹಾಕುವುದು, ಊರೂರಿನ ಗ್ರಂಥಾಲಯಗಳಿಗೆ ಹಂಚುವುದು ಅದರ ಕೆಲಸ. ಅವರ ಒಂದು ಯುಕ್ತಿ ನನಗೆ ಬಹಳ ಹಿಡಿಸಿತು. ಮಕ್ಕಳಿಗೆ 'ಓದಿನ ಪಾಸ್‌ಪೋರ್ಟ್' ಎಂಬ ಕಿರುಪುಸ್ತಕ ಕೊಡುತ್ತಾರೆ. ಓದಿದ ಪುಸ್ತಕದ ವಿವರವನ್ನು ಮಗು ಅದರಲ್ಲಿ ತುಂಬಬೇಕು. ನಮ್ಮ ಪಾಸ್‌ಬುಕ್ ಇದ್ದ ಹಾಗೆ, ಆದರೆ ಬರೀ ಜಮೆಯೇ, ಖರ್ಚಿನ ಕಾಲಮೇ ಇಲ್ಲ! ಮುಂದಿನ ಊರಿಗೆ ಹೋಗಲೂ ಸೈನಿಕನಿಗೆ ಚೀಟಿ ತೋರಿಸಬೇಕಾದ ನಾಡಿನಲ್ಲಿ ಮಗುವಿನ ಜೇಬಿನಲ್ಲಿ ಇಂಥದೊಂದು ಪಾಸ್‌ಪೋರ್ಟ್.

ಗಾಜಾದಲ್ಲಿ ಸಮೀರ್ ಮನ್ಸೂರರ ಪುಸ್ತಕದಂಗಡಿ ಹೆಸರುವಾಸಿ. 2021ರ ಮೇ ತಿಂಗಳಲ್ಲಿ ಬಾಂಬು ಬಿದ್ದು ಅಂಗಡಿ ನೆಲಸಮವಾಯಿತು. ದೇಶವಿದೇಶದ ಓದುಗರು ಹಣವನ್ನೂ ಪುಸ್ತಕವನ್ನೂ ಕಳಿಸಿದರು. 2022ರ ಫೆಬ್ರವರಿಯಲ್ಲಿ ಅಂಗಡಿ ಹಿಂದಿಗಿಂತ ದೊಡ್ಡದಾಗಿ ಮತ್ತೆ ತೆರೆಯಿತು. 2023ರ ಅಕ್ಟೋಬರಿನಲ್ಲಿ ಮತ್ತೆ ಯುದ್ಧ. ನವೆಂಬರಿನಲ್ಲಿ ಗಾಜಾ ನಗರಸಭೆಯ ಸಾರ್ವಜನಿಕ ಗ್ರಂಥಾಲಯ ಹಾಳಾಯಿತು. ಮಕ್ಕಳು ಮನೆ ಬಿಟ್ಟು ಡೇರೆಗೆ ಹೋದರು. ಹೊರಡುವ ಅವಸರದಲ್ಲಿ ಚೀಲಕ್ಕೆ ಯಾವ ಪುಸ್ತಕ ಹಾಕಿಕೊಂಡರೋ!