ಕಣ್ಣಿಗೆ ಬಾರದ ಕನ್ನಡ: ಪಾಲಮಲೆ ಮತ್ತು ಓದುವ ಮಿದುಳಿನ ಚರಿತ್ರೆ

ಪಾಲಮಲೆಯು ಮೆಟ್ಟೂರು ಜಲಾಶಯದ ಪಶ್ಚಿಮಕ್ಕೆ, ಕೊಳತ್ತೂರಿನ ಮೇಲ್ಭಾಗದಲ್ಲಿ ಹಬ್ಬಿದೆ. ಅಲ್ಲಿಂದ ಮಲೆ ಮಹದೇಶ್ವರ ಬೆಟ್ಟ ಬಹು ದೂರವೇನಲ್ಲ. 1956ರ ನವೆಂಬರ್ 1ರವರೆಗೆ ಈ ಎರಡು ಬೆಟ್ಟಗಳೂ ಮದರಾಸು ರಾಜ್ಯದಲ್ಲಿಯೇ ಇದ್ದವು. ಅಂದು ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ತಾಲ್ಲೂಕು ಮೈಸೂರು ರಾಜ್ಯಕ್ಕೆ ಸೇರಿತು. ಪಾಲಮಲೆ ಇದ್ದಲ್ಲಿಯೇ ಉಳಿಯಿತು. ಮಾತು ಗಡಿಯ ಎರಡೂ ಕಡೆ ಕನ್ನಡವಾಗಿಯೇ ಮುಂದುವರಿಯಿತು, ಆದರೆ ಶಾಲೆಯ ಹಲಗೆಯ ಮೇಲಿನ ಅಕ್ಷರ ಬೇರೆಯಾಯಿತು. ಅರ್ಧ ಶತಮಾನದ ನಂತರ 2006ರ ತಮಿಳು ಕಲಿಕೆಯ ಅಧಿನಿಯಮವು ಒಂದನೆಯ ತರಗತಿಯಿಂದ ಆರಂಭಿಸಿ ಹಂತಹಂತವಾಗಿ ತಮಿಳನ್ನು ಕಡ್ಡಾಯ ವಿಷಯವನ್ನಾಗಿ ಮಾಡಿತು. ಗಡಿನಾಡಿನ ಭಾಷಾಚರಿತ್ರೆಯನ್ನು ಬರೆದವರು ಆಡಳಿತ, ಶಾಲೆ, ಜನಗಣತಿಗಳನ್ನು ಹೆಚ್ಚಾಗಿ ಗಮನಿಸಿದ್ದಾರೆ. ಅಕ್ಷರ ಬದಲಾದಾಗ ಓದುವವನ ಮಿದುಳಿನಲ್ಲಿ ಏನು ಬದಲಾಗುತ್ತದೆ ಎಂಬುದು ಆ ಚರಿತ್ರೆಯೊಳಗೆ ಬಂದಿಲ್ಲ. ಅದನ್ನು ಕೇಳಲು ಬೇಕಾದ ವಿಜ್ಞಾನವೂ ತೀರಾ ಹಳೆಯದಲ್ಲ.

ಆ ವಿಜ್ಞಾನದ ಮೊದಲ ಅಧ್ಯಾಯ ಪ್ಯಾರಿಸ್ಸಿನದು. 1887ರಲ್ಲಿ ಒಬ್ಬ ನಿವೃತ್ತ ಬಟ್ಟೆವ್ಯಾಪಾರಿ ತನಗೆ ಒಂದಕ್ಷರವನ್ನೂ ಓದಲಾಗುತ್ತಿಲ್ಲವೆಂದು ಕಂಡುಕೊಂಡ. ಮಾತಿಗೆ ತೊಡಕಿರಲಿಲ್ಲ, ಎದುರಿಗೆ ಬಂದವರ ಮುಖ ಗುರುತು ಸಿಗುತ್ತಿತ್ತು, ಹೇಳಿದ್ದನ್ನು ಬರೆಯಲೂ ಬರುತ್ತಿತ್ತು. ಬರೆದದ್ದನ್ನು ಮಾತ್ರ ತಾನೇ ಓದಲಾರ. 1892ರಲ್ಲಿ ಆತ ತೀರಿಕೊಂಡ ಮೇಲೆ ಜೂಲ್ ದೆಜೆರೀನ್ ಮಿದುಳನ್ನು ಪರೀಕ್ಷಿಸಿ, ಎಡಗಡೆಯ ಹಿಂಭಾಗದಲ್ಲಿ ಆದ ಹಾನಿಯನ್ನು ವಿವರಿಸಿದ. ಇದಕ್ಕೆ ವಿರುದ್ಧವಾದ ನಷ್ಟವನ್ನು 1947ರಲ್ಲಿ ಜರ್ಮನಿಯ ಯೋಆಖಿಮ್ ಬೋಡಾಮರ್ ದಾಖಲಿಸಿದ. ಯುದ್ಧದಲ್ಲಿ ತಲೆಗೆ ಪೆಟ್ಟು ಬಿದ್ದ ಸೈನಿಕರಿಗೆ ಪರಿಚಿತರ ಮುಖಗಳೇ ಅಪರಿಚಿತವಾಗಿದ್ದವು. ಮುಖವನ್ನೂ ಅಕ್ಷರವನ್ನೂ ಕಾಣುವ ಕಣ್ಣು ಒಂದೇ ಆದರೂ, ಒಂದನ್ನು ಉಳಿಸಿಕೊಂಡು ಇನ್ನೊಂದನ್ನು ಕಳೆದುಕೊಳ್ಳಬಹುದೆಂದು ಈ ದುರದೃಷ್ಟವಂತರಿಂದ ತಿಳಿಯಿತು.

ಗಾಯಗೊಂಡ ಮಿದುಳು ಜಾಗವನ್ನು ತೋರಿಸಬಲ್ಲದು, ವೇಳೆಯನ್ನಲ್ಲ. ವೇಳೆಯನ್ನು ಅಳೆಯುವ ದಾರಿಯನ್ನು ಯೇನಾ ನಗರದ ಹಾನ್ಸ್ ಬರ್ಗರ್ ತೆರೆದ. ನೆತ್ತಿಯ ಚರ್ಮದ ಮೇಲಿಂದಲೇ ಮಿದುಳಿನ ವಿದ್ಯುತ್ತನ್ನು ದಾಖಲಿಸಿದ ಆತನ ಮೊದಲ ಪ್ರಬಂಧ 1929ರದು. ಒಂದು ಚಿತ್ರವನ್ನು ಕಂಡಾಗ ಏಳುವ ಅಲೆ ತೀರಾ ಸಣ್ಣದು. ಅದನ್ನು ಉಳಿದ ಗದ್ದಲದಿಂದ ಬೇರ್ಪಡಿಸಲು ಅಂಥ ಹಲವಾರು ಚಿತ್ರಗಳನ್ನು ತೋರಿಸಿ ಸರಾಸರಿ ತೆಗೆಯಬೇಕಾಗುತ್ತದೆ. ಈ ವಿಧಾನ ಬಳಕೆಗೆ ಬಂದ ಬಹುಕಾಲದ ಮೇಲೆ, 1996ರಲ್ಲಿ, ಶ್ಲೋಮೋ ಬೆಂಟಿನ್ ಮತ್ತು ಸಂಗಡಿಗರು ಮುಖ ಕಂಡ ಸುಮಾರು 170 ಮಿಲಿಸೆಕೆಂಡುಗಳಲ್ಲಿ ತಲೆಯ ಹಿಂಬದಿಯ ಪಕ್ಕಗಳಲ್ಲಿ ಒಂದು ಋಣ ಅಲೆ ಏಳುವುದನ್ನು ವಿವರಿಸಿದರು. ಕಾರು ಅಥವಾ ಕೈಯ ಚಿತ್ರಕ್ಕೆ ಅದು ಅಷ್ಟು ದೊಡ್ಡದಾಗಿ ಏಳುವುದಿಲ್ಲ. ಋಣಕ್ಕೆ ಇಂಗ್ಲಿಷಿನ ಮೊದಲಕ್ಷರ, ಜೊತೆಗೆ ವೇಳೆಯ ಅಂಕಿ ಸೇರಿ ಎನ್-170 ಎಂಬ ಹೆಸರು ನಿಂತಿತು. ಮುಖಕ್ಕೆ ಈ ಅಲೆ ಬಲಗಡೆ ಹೆಚ್ಚು. 1999ರಲ್ಲಿ ಇದೇ ಬೆಂಟಿನ್ ಬಳಗವು ಬರಹಕ್ಕೂ ಹೆಚ್ಚುಕಡಿಮೆ ಅದೇ ಹೊತ್ತಿಗೆ ಅಂಥದೇ ಅಲೆ ಏಳುತ್ತದೆ, ಆದರೆ ಅದು ಎಡಗಡೆ ವಾಲಿರುತ್ತದೆ ಎಂದು ತೋರಿಸಿತು.

ಇಲ್ಲೊಂದು ತಪ್ಪು ತಿಳಿವಳಿಕೆಗೆ ಎಡೆಯಿದೆ. ಈ ಅಲೆಯು ‘ಇದು ಮುಖ’ ಎನ್ನುತ್ತದೆಯೇ ಹೊರತು ‘ಇದು ಇಂಥವರ ಮುಖ’ ಎಂದಲ್ಲ. ಹಾಗೆಯೇ ‘ಇದು ಬಲ್ಲ ಬರಹ’ ಎನ್ನುತ್ತದೆ. ಪದದ ಅರ್ಥ ಅದರ ವ್ಯವಹಾರವಲ್ಲ. ಅರ್ಥಕ್ಕೆ ಸಂಬಂಧಿಸಿದ, ಮಾರ್ಟಾ ಕುಟಾಸ್ ಮತ್ತು ಸ್ಟೀವನ್ ಹಿಲ್ಯಾರ್ಡ್ 1980ರಲ್ಲಿ ಗುರುತಿಸಿದ ಅಲೆ ಸುಮಾರು 400 ಮಿಲಿಸೆಕೆಂಡುಗಳ ಹೊತ್ತಿಗೆ ಬರುತ್ತದೆ. ಎನ್-170 ಬಾಗಿಲ ಬಳಿಯ ಕಾವಲುಗಾರ.

ಈ ಕಾವಲುಗಾರ ಯಾರನ್ನು ಬಲ್ಲ? ಮುಖವನ್ನು ಮಗು ಶಾಲೆಯಿಲ್ಲದೆಯೇ ಕಲಿಯುತ್ತದೆ. ಬರಹವಾದರೋ ಮನುಷ್ಯ ಕೆಲವೇ ಸಾವಿರ ವರ್ಷಗಳ ಹಿಂದೆ ಕಟ್ಟಿಕೊಂಡದ್ದು. ಅದಕ್ಕೆಂದೇ ಮಿದುಳಿನಲ್ಲಿ ಹುಟ್ಟಿನಿಂದ ಮೀಸಲಾದ ಜಾಗ ಇರಲಾರದು. ಸ್ಟಾನಿಸ್ಲಾಸ್ ದೆಹಾನ್ ಬಳಗ 2010ರಲ್ಲಿ ಪೋರ್ಚುಗಲ್ ಮತ್ತು ಬ್ರೆಜಿಲ್‌ನ ಅಕ್ಷರಸ್ಥರನ್ನೂ ನಿರಕ್ಷರಿಗಳನ್ನೂ ಹೋಲಿಸಿ, ಓದು ಬಂದಂತೆ ಎಡಗಡೆಯ ಆ ಜಾಗದಲ್ಲಿ ಅಕ್ಷರದ ಪ್ರತಿಕ್ರಿಯೆ ಬೆಳೆಯುತ್ತದೆ, ಮುಖದ್ದು ಅಲ್ಲಿ ತುಸು ತಗ್ಗುತ್ತದೆ ಎಂದಿತು. ಅಕ್ಷರವು ಮುಖದ ಜಾಗವನ್ನು ಒತ್ತುವರಿ ಮಾಡುತ್ತದೆಂಬ ಮಾತು ಬಹಳ ಜನಪ್ರಿಯವಾಯಿತು. ಆದರೆ ಲಖನೌ ಬಳಿಯ ಗ್ರಾಮಗಳಲ್ಲಿ ದೇವನಾಗರಿ ಓದು ಬಲ್ಲವರನ್ನೂ ಬಾರದವರನ್ನೂ ಅಭ್ಯಸಿಸಿದ ಹರ್ವೇ-ಏಡಲ್ಮನ್ ಮತ್ತು ಸಂಗಡಿಗರಿಗೆ (2019) ಅಂಥ ನಷ್ಟ ಕಾಣಲಿಲ್ಲ. ಓದು ಕಲಿತವನ ಮಿದುಳು ಮುಖವನ್ನು ಬಿಟ್ಟುಕೊಡಬೇಕಾಗಿಲ್ಲ.

ಪಾಲಮಲೆಯ ಮಟ್ಟಿಗೆ ಇದಕ್ಕಿಂತ ಮುಖ್ಯವಾದದ್ದು ಅಲನ್ ವಾಂಗ್, ಇಸಬೆಲ್ ಗೋತಿಯೇ ಮುಂತಾದವರ 2005ರ ಕೆಲಸ. ಇಂಗ್ಲಿಷ್ ಮಾತ್ರ ಬಲ್ಲವರಲ್ಲಿ ಈ ಅಲೆ ರೋಮನ್ ಅಕ್ಷರಕ್ಕೆ ಹೆಚ್ಚಾಗಿ ಏಳುತ್ತದೆ, ಚೀನೀ ಲಿಪಿಗೆ ಏಳುವುದಿಲ್ಲ. ಎರಡನ್ನೂ ಓದುವವರಲ್ಲಿ ಎರಡಕ್ಕೂ ಏಳುತ್ತದೆ. ಎಂದರೆ ಕಾವಲುಗಾರನಿಗೆ ತಾಯ್ನುಡಿ ಗೊತ್ತಿಲ್ಲ, ಪಳಗಿದ ಲಿಪಿ ಮಾತ್ರ ಗೊತ್ತು. ಮತ್ತು ಎರಡು ಲಿಪಿಗಳಿಗೆ ಅಲ್ಲಿ ಸ್ಥಳವಿದೆ. ಒಂದನ್ನು ಕಲಿಸಿದರೆ ಇನ್ನೊಂದು ಕೆಡುತ್ತದೆಂಬ, ಗಡಿಯ ಎರಡೂ ಕಡೆಗಳಲ್ಲಿ ಕೇಳಿಬರುವ ವಾದಕ್ಕೆ ಇಲ್ಲಿ ಆಧಾರವಿಲ್ಲ.

ಈ ಪಳಗುವಿಕೆಗೆ ಎಷ್ಟು ಕಾಲ ಬೇಕು? ಸಿಲ್ವಿಯಾ ಬ್ರೆಮ್ ಬಳಗದ 2010ರ ಅಧ್ಯಯನದಲ್ಲಿ, ಇನ್ನೂ ಓದು ಬಾರದ ಸ್ವಿಸ್ ಮಕ್ಕಳು ಎಂಟು ವಾರಗಳಲ್ಲಿ ಒಟ್ಟು ನಾಲ್ಕು ಗಂಟೆಗೂ ಕಡಿಮೆ ಕಾಲ ಅಕ್ಷರ ಮತ್ತು ಉಲಿಗಳನ್ನು ಹೊಂದಿಸುವ ಆಟವಾಡಿದ ಮೇಲೆ, ಮಿದುಳು ಬರಹಕ್ಕೆ ಬೇರೆಯಾಗಿ ಸ್ಪಂದಿಸತೊಡಗಿತು. ಕನ್ನಡಕ್ಕೆ ಇಷ್ಟು ಸುಲಭದ ಲೆಕ್ಕ ಹೊಂದುವುದಿಲ್ಲ. ಕಾಗುಣಿತ, ಒತ್ತಕ್ಷರಗಳೆಲ್ಲ ಸೇರಿದರೆ ಮಗು ಕಲಿಯಬೇಕಾದ ರೂಪಗಳು ನೂರಾರು. ಕರ್ನಾಟಕದ ಶಾಲೆಗಳಲ್ಲಿಯೇ ಈ ಕಲಿಕೆ ನಾಲ್ಕನೆಯ ತರಗತಿಯವರೆಗೂ ಸಾಗುತ್ತದೆಂದು ಸೋನಾಲಿ ನಾಗ್ 2007ರಲ್ಲಿ ತೋರಿಸಿದರು.

ತಮಿಳಿನಿಂದ ಬರುವ ಕಣ್ಣಿಗೆ ತೊಡಕುಗಳು ಬೇರೆ ಬಗೆಯವು. ತಮಿಳಿನಲ್ಲಿ ಎಕಾರ, ಏಕಾರ, ಐಕಾರಗಳ ಚಿಹ್ನೆ ವ್ಯಂಜನದ ಎಡಕ್ಕೆ ಬರುತ್ತದೆ; ಕನ್ನಡದಲ್ಲಿ ತಲೆಯ ಮೇಲೋ ಬಲಕ್ಕೋ. ತಮಿಳಿನಲ್ಲಿ ಪುಳ್ಳಿಯಿಟ್ಟು ವ್ಯಂಜನಗಳನ್ನು ಸಾಲಾಗಿ ಬರೆಯುತ್ತಾರೆ. ಕನ್ನಡದಲ್ಲಿ ಎರಡನೆಯದು ಕೆಳಗಿಳಿದು ಒತ್ತಾಗುತ್ತದೆ; ಕಣ್ಣು ಸಾಲಿನ ಕೆಳಕ್ಕೂ ಹೋಗಬೇಕು. ಇನ್ನು ‘ಕ’ ಮತ್ತು ‘ಗ’ಗಳಿಗೆ ತಮಿಳಿನಲ್ಲಿ ಒಂದೇ ಅಕ್ಷರ. ಮನೆಯಲ್ಲಿ ಆಡುವ ‘ಗಾಳಿ’ಯನ್ನು ಬಲ್ಲ ಲಿಪಿಯಲ್ಲಿ ಬರೆದುಕೊಂಡರೆ ‘ಕಾಳಿ’ಯೂ ಅದೇ ರೂಪದಲ್ಲಿ ನಿಲ್ಲುತ್ತದೆ. ಕಿವಿ ಬೇರ್ಪಡಿಸಿದ್ದನ್ನು ಕಣ್ಣು ಒಂದುಗೂಡಿಸುತ್ತದೆ. ಹೀಗಾಗಿ ತಮಿಳು ಲಿಪಿಯಲ್ಲಿಯೇ ಕನ್ನಡವನ್ನು ಬರೆದುಕೊಂಡರಾಯಿತು ಎಂಬ ಸಲಹೆ ಕೇಳಲು ಹಿತವಾದರೂ ಅರೆಬರೆಯದು.

ಮೆಟ್ಟೂರಿನಿಂದ ಕೊಳತ್ತೂರಿನ ಮೇಲೆ ಮಹದೇಶ್ವರ ಬೆಟ್ಟಕ್ಕೆ ಹೋಗುವ ರಸ್ತೆಯಲ್ಲಿ ಪಾಲಾರ್ ದಾಟಿದರೆ ಕರ್ನಾಟಕ. ಅಲ್ಲಿಂದ ಮುಂದಿನ ಫಲಕಗಳು ಕನ್ನಡದವು. ತಮಿಳನ್ನು ಮಾತ್ರ ಓದಬಲ್ಲ ಪಾಲಮಲೆಯ ಕನ್ನಡಿಗನ ಕಣ್ಣಿಗೆ ಜಾತ್ರೆಯ ದಟ್ಟಣೆಯಲ್ಲಿಯೂ ಮುಖವು ಸೆಕೆಂಡಿನ ಆರನೆಯ ಒಂದು ಭಾಗದಲ್ಲಿ ಮುಖವಾಗಿ ತೋರುತ್ತದೆ. ಪಕ್ಕದ ಫಲಕದ ಕನ್ನಡ ಅಷ್ಟು ಹೊತ್ತಿಗೆ ಬರಿಯ ಗೀಟುಗಳು. ಯಾರಾದರೂ ಅದನ್ನು ಗಟ್ಟಿಯಾಗಿ ಓದಿ ಹೇಳಿದರೆ ಆತನಿಗೆ ತಿಳಿಯದ ಪದ ಒಂದೂ ಇಲ್ಲದಿರಬಹುದು.