ಉಪ್ಪಿನ ಕರವೂ ಮಣ್ಣಿನ ತೀರ್ವೆಯೂ

‘ಕರ’ವೆಂಬ ಶಬ್ದಕ್ಕೆ ಕೈ, ಕಿರಣ, ತೆರಿಗೆ ಎಂಬ ಮೂರು ಅರ್ಥಗಳುಂಟು. ಪ್ರಾಚೀನ ಕವಿಗಳು ಈ ಶ್ಲೇಷೆಯನ್ನು ಮೆಚ್ಚಿಕೊಂಡು, ಸೂರ್ಯನು ತನ್ನ ಕರಗಳಿಂದ ನೀರನ್ನು ಹೀರಿ ಮಳೆಯಾಗಿ ಮರಳಿಸುವಂತೆ ಅರಸನೂ ಪ್ರಜೆಗಳಿಂದ ಕೊಂಡದ್ದನ್ನು ಪ್ರಜೆಗಳಿಗೇ ಮರಳಿಸಬೇಕೆಂದು ಬಣ್ಣಿಸಿರುವರು. ಆದರೆ ಕರವು ಯಾವ ದಾರಿಯಿಂದ ಮನೆಯೊಳಗೆ ಬರುವದು, ಕೊನೆಗೆ ಯಾರ ಹೆಗಲ ಮೇಲೆ ಕೂಡ್ರುವದು ಎಂಬ ಪ್ರಶ್ನೆಗೆ ಉತ್ತರವು ಕಾವ್ಯದಲ್ಲಿ ದೊರೆಯದು. ಇತಿಹಾಸದಲ್ಲಿಯೇ ಅದನ್ನು ಹುಡುಕಬೇಕು. ಕಾರವಾರ-ಅಂಕೋಲೆಗಳ ಕರಾವಳಿಯು ಈ ಪ್ರಶ್ನೆಗೆ ಕೊಟ್ಟ ಉತ್ತರವು ಬಹು ಸ್ಪಷ್ಟವಾಗಿರುವದು.

ಮೊದಲು ಕರವಲ್ಲದ್ದನ್ನು ಬೇರ್ಪಡಿಸುವದು ಅವಶ್ಯ. 1665ರಲ್ಲಿ ಶಿವಾಜಿಯು ಕಾರವಾರಕ್ಕೆ ಬಂದಾಗ ಊರಿನ ವರ್ತಕರು ಹಣ ಕೂಡಿಸಿ ಕೊಟ್ಟು ಪಾರಾದರು; ಅದರಲ್ಲಿ ಇಂಗ್ಲಿಷರ ಕೋಠಿಯ ಪಾಲು 112 ಪೌಂಡು. ಇದು ಖಂಡಣಿ. ಇದಕ್ಕೆ ದರವಿಲ್ಲ, ಕಾಲನಿಯಮವಿಲ್ಲ. ಹಾಗೆಯೇ ಒಕ್ಕಲು ತನ್ನ ಭೂಮಾಲಿಕನಿಗೆ ಅಳೆಯುತ್ತಿದ್ದ ಗೇಣಿಯೂ ಕರವಲ್ಲ. ಅದು ಇಬ್ಬರು ಪ್ರಜೆಗಳ ನಡುವಿನ ವ್ಯವಹಾರ. ಗೊತ್ತಾದ ನಿಯಮದಂತೆ, ಗೊತ್ತಾದ ದರದಲ್ಲಿ, ಸರಕಾರಕ್ಕೆ ಸಲ್ಲುವದೇ ಕರ. ಇದರಲ್ಲಿ ಎರಡು ಬಗೆ. ಕೊಡುವವನ ಹೆಸರನ್ನು ಬರೆದುಕೊಂಡು ಅವನ ಕೈಯಿಂದಲೇ ವಸೂಲು ಮಾಡುವದು ನೇರ ಕರ. ಸರಕಿನ ಬೆಲೆಯಲ್ಲಿ ಅಡಗಿ, ಕೊಳ್ಳುವವನಿಗೆ ತಿಳಿಯದಂತೆ ಸಲ್ಲುವದು ಪರೋಕ್ಷ ಕರ.

ಈ ನಾಡಿನಲ್ಲಿ ನೇರ ಕರವೆಂದರೆ ಬಹುಕಾಲದಿಂದ ಭೂಮಿಯ ಕಂದಾಯವೇ. ಬಿದನೂರಿನ ಶಿವಪ್ಪನಾಯಕನು (1645–1660) ಗೊತ್ತುಪಡಿಸಿದ ‘ಶಿಸ್ತು’ ಕನ್ನಡ ಜಿಲ್ಲೆಯಲ್ಲೆಲ್ಲ ಪ್ರಸಿದ್ಧವಾದದ್ದು. 1763ರಲ್ಲಿ ಬಿದನೂರು ಹೈದರನ ವಶವಾದ ಮೇಲೆ ಅದರ ಮೇಲೆ ಹೇರಿದ ಹೆಚ್ಚಿನ ಬಾಬುಗಳಿಗೆ ‘ಶಾಮೀಲು’ ಎಂದು ಹೆಸರಾಯಿತು. 1799ರಲ್ಲಿ ಕಂಪನಿಯ ಕಲೆಕ್ಟರನಾಗಿ ಬಂದ ಥಾಮಸ್ ಮನ್ರೋ ಇವೆರಡನ್ನೂ ಲೆಕ್ಕ ಹಾಕಿದನು. ಇಲ್ಲಿಯ ಭೂಮಿಯು ಅರಸನದಲ್ಲ, ಒಡೆಯರ ಸ್ವಂತ ಸ್ವತ್ತೆಂಬದನ್ನೂ ಕಂಡುಕೊಂಡನು. 1862ರಲ್ಲಿ ಉತ್ತರ ಕನ್ನಡವು ಮದರಾಸಿನಿಂದ ಮುಂಬಯಿ ಇಲಾಖೆಗೆ ಸೇರಿತು. 1879ರ ಮುಂಬಯಿ ಭೂಕಂದಾಯ ಕಾಯಿದೆಯು ತೀರ್ವೆ ಕೊಡದವನ ಚರಸ್ವತ್ತನ್ನು ಹರಾಜು ಮಾಡುವ, ಜಮೀನನ್ನೇ ಮುಟ್ಟುಗೋಲು ಹಾಕಿಕೊಳ್ಳುವ ಅಧಿಕಾರವನ್ನು ಸರಕಾರಕ್ಕೆ ಕೊಟ್ಟಿತು.

ಪರೋಕ್ಷ ಕರಗಳು ಹಲವು. ಬಂದರಿನಲ್ಲಿಳಿದ ಮಾಲಿಗೆ ಜಕಾತಿ, ಕಳ್ಳು-ಸಾರಾಯಿಗಳಿಗೆ ಅಬಕಾರಿ. ಎಲ್ಲಕ್ಕೂ ಮಿಗಿಲಾಗಿ ಉಪ್ಪಿನ ಕರ. 1930ರಲ್ಲಿ ಈ ಕರವು ಮಣಕ್ಕೆ ಒಂದು ರೂಪಾಯಿ ನಾಲ್ಕು ಆಣೆ. ಮಣಕ್ಕೆ ನಾಲ್ವತ್ತು ಸೇರಿನ ಲೆಕ್ಕದಲ್ಲಿ ಸೇರಿಗೆ ಅರ್ಧ ಆಣೆಯಾಗುವದು. ಅಂಕಿಯು ಅಲ್ಪವಾಗಿ ಕಾಣಬಹುದು. ಆದರೆ ಗಂಜಿಗೆ ಉಪ್ಪಲ್ಲದೆ ಬೇರೆ ವ್ಯಂಜನವಿಲ್ಲದ ಕೂಲಿಯೂ ಮಾಳಿಗೆಯ ಮನೆಯ ಸಾಹುಕಾರನೂ ಸೇರಿಗೆ ಸಮನಾದ ಕರವನ್ನೇ ತೆರುತ್ತಿದ್ದರು. ಗೋಕರ್ಣದ ಬಳಿಯ ಸಾಣಿಕಟ್ಟೆಯಲ್ಲಿ ಸಮುದ್ರವೂ ಬಿಸಿಲೂ ಕೂಡಿ ಉಪ್ಪನ್ನು ಧರ್ಮಾರ್ಥವಾಗಿ ಕೊಡುತ್ತಿದ್ದರೂ, ಕರ ಸಲ್ಲದೆ ಅದು ಆಗರದ ಗಡಿಯನ್ನು ದಾಟುವಂತಿರಲಿಲ್ಲ.

ಅಡಗಿದ್ದ ಈ ಕರವನ್ನು ಬಯಲಿಗೆಳೆದದ್ದೇ ಅಂಕೋಲೆಯ ಉಪ್ಪಿನ ಸತ್ಯಾಗ್ರಹ. 1930ನೆಯ ಎಪ್ರಿಲ್ 13ರಂದು ಎಂ. ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಅಲ್ಲಿ ಉಪ್ಪಿನ ಕಾಯಿದೆಯನ್ನು ಮುರಿಯಲಾಯಿತು. ಅಂದು ತಯಾರಾದ ಉಪ್ಪಿನಿಂದ ಸರಕಾರದ ಬೊಕ್ಕಸಕ್ಕೆ ಆದ ನಷ್ಟವು ಎಣಿಕೆಗೆ ಬಾರದಷ್ಟು. ಆದರೆ ತಿಳಿಯದೆ ತೆರುತ್ತಿದ್ದ ಕರವು ಜನರಿಗೆ ತಿಳಿಯಿತು. ತಿಳಿದ ಮೇಲೆ ಅದನ್ನು ಒಪ್ಪುವ ಬಿಡುವ ಮಾತು ಹುಟ್ಟಿತು.

ಪರೋಕ್ಷ ಕರವನ್ನು ನಿರಾಕರಿಸಿದವನಿಗೆ ಸೆರೆಮನೆ. ನೇರ ಕರವನ್ನು ನಿರಾಕರಿಸಿದವನಿಗೆ ಅದರೊಡನೆ ಮನೆ-ಮಾರುಗಳ ನಾಶ. ಇದನ್ನರಿತೂ ಅಂಕೋಲೆ ಮತ್ತು ಸಿದ್ದಾಪುರ ತಾಲೂಕುಗಳ ರೈತರು ಕರನಿರಾಕರಣೆಗೆ ನಿಂತರು. ಲೋಕವ್ಯಾಪಿಯಾದ ಬೆಲೆಯಿಳಿತದಿಂದ ಆಗ ಬತ್ತದ ಕ್ರಯ ಕುಸಿದಿತ್ತು. ತೀರ್ವೆಯಾದರೋ ರೂಪಾಯಿಗಳಲ್ಲಿ ಗೊತ್ತಾದದ್ದು. ಹೀಗಾಗಿ ಅದೇ ತೀರ್ವೆಗೆ ರೈತನು ಹೆಚ್ಚು ಬತ್ತವನ್ನು ಮಾರಬೇಕಾಯಿತು. 1932ರಲ್ಲಿ ಚಳವಳಿಯು ಮರಳಿ ಮೊದಲಾದಾಗ ಪಾತ್ರೆ-ಪಡಗಗಳು, ದನಗಳು, ಕೊನೆಗೆ ಗದ್ದೆಗಳೂ ಹರಾಜಿಗೆ ಬಂದವು. ಸಿದ್ದಾಪುರದ ಮಾವಿನಗುಂಡಿಯಲ್ಲಿ, ಆ ಸ್ವತ್ತನ್ನು ಕೊಂಡವರ ಬಾಗಿಲಲ್ಲಿ ಹೆಂಗಸರು ಉಪವಾಸ ಕುಳಿತರು. ತಾತಮುತ್ತಾತಂದಿರ ಗದ್ದೆಯ ಹಾಳೆಯ ಮೇಲೆ ಪರರು ನಡೆದಾಡುವದನ್ನು ನೋಡುತ್ತ ನೂರಾರು ಕುಟುಂಬಗಳು ವರುಷಗಳನ್ನು ಕಳೆದವು. ಅಂಕೋಲೆಗೆ ‘ಕರ್ನಾಟಕದ ಬಾರ್ಡೋಲಿ’ ಎಂಬ ಹೆಸರು ಬಂದದ್ದು ಈ ತ್ಯಾಗದಿಂದ.

ಇಲ್ಲಿ ಇನ್ನೊಂದು ಸೂಕ್ಷ್ಮವುಂಟು. ತೀರ್ವೆಯ ಪಟ್ಟಿಯಲ್ಲಿ ಒಡೆಯನ ಹೆಸರಿತ್ತು. ಆದರೆ ಅದನ್ನು ತೆರುವ ಹಣವು ಚಾಲಗೇಣಿಯ ಒಕ್ಕಲು ತಂದಳೆದ ಬತ್ತದಿಂದಲೇ ಹುಟ್ಟುತ್ತಿದ್ದಿತು. ಆದ್ದರಿಂದ ಕೊಡುವ ಕೈಯೊಂದು, ಹೊರುವ ಹೆಗಲೊಂದು ಎಂಬದು ನೇರ ಕರಕ್ಕೂ ಕೆಲಮಟ್ಟಿಗೆ ಸಲ್ಲುವ ಮಾತು.

1937ರಲ್ಲಿ ಮುಂಬಯಿಯಲ್ಲಿ ಖೇರರ ಮಂತ್ರಿಮಂಡಲವು ಅಧಿಕಾರಕ್ಕೆ ಬಂದ ಬಳಿಕ, ಮುಟ್ಟುಗೋಲಾದ ಜಮೀನುಗಳನ್ನು ಮರಳಿಸುವ ಕಾನೂನು ಆಯಿತು. ಉಪ್ಪಿನ ಕರವು 1947ರಲ್ಲಿ ರದ್ದಾಯಿತು. 1974ರ ಭೂಸುಧಾರಣೆಯಿಂದ ಗೇಣಿಯೂ ತೊಲಗಿತು. ಇಂದು ಭೂಕಂದಾಯವು ಅತ್ಯಲ್ಪ. 1860ರಲ್ಲಿ ಈ ದೇಶಕ್ಕೆ ಬಂದ ವರಮಾನ ತೆರಿಗೆಯೇ ನೇರ ಕರಗಳಲ್ಲಿ ಮುಖ್ಯವಾದದ್ದು. 2017ನೆಯ ಜುಲೈ 1ರಿಂದ ನಡೆದಿರುವ ಸರಕು ಮತ್ತು ಸೇವಾ ತೆರಿಗೆಯು ಬೆಲೆಯೊಳಗೆ ಅಡಗುವ ಬಗೆಯದು. ಸೋಪು ಕೊಳ್ಳುವ ಕೂಲಿಯೂ ಅದನ್ನು ತೆರುವನು. ಉಪ್ಪು ಮಾತ್ರ ಅದರಿಂದ ಮುಕ್ತವಾಗಿರುವದು.

ಕರವಿಲ್ಲದೆ ರಾಜ್ಯವಿಲ್ಲ, ನಿಜ. ರಸ್ತೆ, ಶಾಲೆ, ಆಸ್ಪತ್ರೆಗಳು ಅದರಿಂದಲೇ ನಡೆಯುವವು. ಅಂಕೋಲೆಯ ರೈತರ ಹಟವು ಕರದ ಮೇಲಲ್ಲ, ತಮ್ಮನ್ನು ಕೇಳದೆ ಕರವನ್ನು ಹಾಕುವ ಅಧಿಕಾರದ ಮೇಲೆ. ತಾನು ಏನನ್ನು ಯಾವ ದಾರಿಯಿಂದ ತೆರುವೆನೆಂಬದನ್ನು ಅರಿಯದ ಪ್ರಜೆಯು ಅದರ ಲೆಕ್ಕವನ್ನು ಕೇಳಲಾರನು. ಗದ್ದೆಯನ್ನು ಕಳೆದುಕೊಂಡವರು ಆ ಅರಿವಿಗೆ ತೆತ್ತ ಬೆಲೆಯು ಯಾವ ತೀರ್ವೆಯ ಪಟ್ಟಿಯಲ್ಲಿಯೂ ಬರೆದಿಲ್ಲ.